ಸತ್ತ ಎತ್ತು ಸರ್ಕಾರದ ಲೆಕ್ಕದಲ್ಲಿ ಹಸು ಆಯ್ತು!

ಬೈಯ್ಯೋಕೆ ಅಂತಲೇ ಕೂತಿದ್ದೀನಿ, ಸ್ವಲ್ಪ ಸಹಿಸ್ಕೊಳ್ಳಿ.

2022ರ ಚರ್ಮಗಂಟು ರೋಗ ನೆನಪಿದೆಯಲ್ಲ? ಆ ದೀಪಾವಳಿ ಹೊತ್ತಿಗೆ ನಮ್ಮ ಚಳ್ಳಕೆರೆ ಸೀಮೇಲಿ ಯಾರ ಕೊಟ್ಟಿಗೆ ನೋಡಿದ್ರೂ ಬೇವಿನ ಸೊಪ್ಪಿನ ಹೊಗೆ. ನಮ್ಮ ಎಡಗಡೆ ಎತ್ತಿಗೆ ಮೊದಲು ಕುತ್ತಿಗೆ ಮೇಲೆ ಅಡಿಕೆ ಗಾತ್ರದ ಗಂಟು ಎದ್ದಿತ್ತು, ನಾಲ್ಕೇ ದಿನಕ್ಕೆ ಮೈತುಂಬ. ಮುಂಗಾಲು ಬಾತು ಮಲಗಿದ್ದು ಏಳಲೇ ಇಲ್ಲ. ಅಪ್ಪ ಗೊಟ್ಟದಲ್ಲಿ ಗಂಜಿ ಹಾಕೋರು, ಅರ್ಧ ಬಾಯಿಂದ ಆಚೆಗೇ ಸುರಿಯೋದು. ಒಂಬತ್ತನೇ ದಿನ ಹೋಯ್ತು. ಡಾಕ್ಟ್ರು ಬಂದ್ರು, ನೋಡಿದ್ರು, ಫೋಟೋ ತೆಗೆದು ಬರ್ಕೊಂಡು ಹೋದ್ರು. ಅವರ ಮೇಲೆ ನನಗೆ ಸಿಟ್ಟಿಲ್ಲ ಬಿಡಿ, ಒಬ್ಬರೇ ಎಷ್ಟು ಹಳ್ಳಿ ಅಂತ ಸುತ್ತಬೇಕು ಪಾಪ. ಗುಂಡಿ ತೋಡಿ ಸುಣ್ಣ, ಉಪ್ಪು ಹಾಕಿ ಹೂತ್ವಿ.

ಆಗ ಸರ್ಕಾರ ಹೇಳಿದ್ದ ಪರಿಹಾರ, ಸತ್ತ ಹಸುಗೆ 20,000, ಎತ್ತಿಗೆ 30,000, ಕರುಗೆ 5,000. ಹಿಂಗಾರಿ ಕಡಲೆ ಬಿತ್ತೋದ್ರೊಳಗೆ ದುಡ್ಡು ಬಂದ್ರೆ ಮೇಲೊಂದಿಷ್ಟು ಸಾಲ ಸೇರಿಸಿ ಜೋಡಿ ಮಾಡ್ಕೊಳ್ಳೋಣ ಅಂತ ಅಪ್ಪನ ಲೆಕ್ಕ. ಒಂಟೆತ್ತು ಕಟ್ಕೊಂಡು ಏನ್ ಮಾಡ್ತೀರ ಹೇಳಿ? ಕೂರಿಗೆ ಹೂಡೋಕಾಗುತ್ತಾ, ಗಾಡಿ ಕಟ್ಟೋಕಾಗುತ್ತಾ? ಮೇವು ಮಾತ್ರ ದಿನಾ ಬೇಕು.

ಬಾಡಿಗೆ ಟ್ರ್ಯಾಕ್ಟರ್‌ನಲ್ಲಿ ಬಿತ್ತಿದ್ದಾಯ್ತು. ಕಡಲೆ ಕಿತ್ತಿದ್ದೂ ಆಯ್ತು. ದುಡ್ಡಿಲ್ಲ. ಆಫೀಸಿಗೆ ಕೇಳೋಕೆ ಹೋದಾಗೆಲ್ಲ ಒಂದೊಂದು ಹೊಸ ರಾಗ. ಆಧಾರ್ ಲಿಂಕ್ ಆಗಿದೆಯಾ ಅಂದ್ರು, ಮಾಡಿಸಿದ್ವಿ. ಅದು ಸಾಲಲ್ಲ, ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ ಅಂದ್ರು; ಅಂದ್ರೆ ಸರ್ಕಾರದ ದುಡ್ಡು ಆಧಾರ್ ಮೇಲೆ ಯಾವ ಬ್ಯಾಂಕಿಗೆ ಬೀಳ್ಬೇಕು ಅಂತ ಗುರುತು ಹಾಕಿಸೋದಂತೆ. ಬಸ್ಸಲ್ಲಿ ವಾಪಸ್ ಬರ್ತಾ ಅಪ್ಪ ನನ್ನ ಕೇಳಿದ್ರು, "ಎನ್‌ಪಿಸಿಐ ಅಂದ್ರೆ ಅದೂ ಒಂದು ರೋಗನೇನೋ?"

ಕೊನೆಗೂ ದುಡ್ಡು ಬಿದ್ದಾಗ 2023ರ ಬರ ಬಂದು ಕೂತಿತ್ತು. ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದ್ರೆ 20,000! ನಮ್ಮ ಎತ್ತನ್ನ ಯಾರೋ ಪುಣ್ಯಾತ್ಮ ಕಂಪ್ಯೂಟರ್‌ನಲ್ಲಿ ಹಸು ಅಂತ ಕುಟ್ಟಿದ್ದಾನೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ, ಆ ಗಾದೆನ ಈ ಆಫೀಸಿನೋರು ಅಕ್ಷರಶಃ ಮಾಡಿ ತೋರಿಸಿದ್ರು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿ ಜೋಡಿ ನಿಲ್ಲಿಸಿದ್ದ ಫೋಟೋ ನನ್ನ ಮೊಬೈಲ್‌ನಲ್ಲಿತ್ತು, ದೊಡ್ಡದು ಮಾಡಿ ತೋರಿಸಿದೆ. ಆಫೀಸಲ್ಲಿ ಕೂತಿದ್ದ ಆಯಪ್ಪ ಫೋಟೋ ಕಡೆ ಕಣ್ಣೂ ಹಾಕದೆ, "ಸಿಸ್ಟಂನಲ್ಲಿ ಹಸು ಅಂತಿದೆಯಲ್ರೀ. ಪೇಮೆಂಟ್ ಆದ್ಮೇಲೆ ತಿದ್ದೋಕೆ ಬರಲ್ಲ" ಅಂದ. ಹತ್ತು ಸಾವಿರ ಯಾರದೋ ಒಂದು ಕ್ಲಿಕ್ಕಿಗೆ ಹೋಯ್ತು. ಬಂದಿದ್ದರಲ್ಲಿ ಅರ್ಧ ಟ್ರ್ಯಾಕ್ಟರ್ ಬಾಕಿಗೆ, ಅರ್ಧ ಮೇವಿಗೆ.

ಅಪ್ಪ ಒಂದು ಮಾತೂ ಆಡಲಿಲ್ಲ, ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಎದ್ರು. ನಾವು ಬಾಗಿಲು ದಾಟೋವಾಗ ಹಿಂದಿಂದ ಆಯಪ್ಪನ ಬುದ್ಧಿವಾದ ಬೇರೆ: "ಮುಂದಿನ ಸಲ ಬರೆಸುವಾಗಲೇ ಸರಿಯಾಗಿ ನೋಡ್ಕೊಳ್ಳಿ ಯಜಮಾನ್ರೇ."

ಮುಂದಿನ ಸಲ ಅಂತೆ! ಇನ್ನೂ ಒಂದೆತ್ತು ಉಳಿದಿದೆಯಲ್ಲ, ಅದರ ಲೆಕ್ಕ ಹಾಕಿರ್ಬೇಕು.