ಮೊದಲ ಕಂತಿಗೇ ತೀರ್ಪು ಕೊಡಬಹುದೇ?

ಪರ: ನೋಡಿದ ರಾತ್ರಿಯೇ ಹೇಳಬೇಕು

‘ಪೂರ್ತಿ ಸೀಸನ್ ನೋಡಿ, ಆಮೇಲೆ ಮಾತನಾಡಿ.’ ಅಭಿಮಾನಿಗಳ ಬಾಯಿ ಮುಚ್ಚಿಸಲು ಇದಕ್ಕಿಂತ ಸಭ್ಯವಾದ ಉಪಾಯ ಇನ್ನೊಂದಿಲ್ಲ. ಕೇಳುವುದಕ್ಕೆ ಎಷ್ಟು ತಾಳ್ಮೆಯ ಮಾತು! ಆದರೆ ಯಾರಾದರೂ ಮೊದಲ ಕಂತನ್ನು ಹಾಡಿ ಹೊಗಳಿದಾಗ, ‘ತಡೆಯಿರಿ, ಇನ್ನೂ ಎಂಟು ಕಂತುಗಳಿವೆ, ಈಗಲೇ ಹೊಗಳಬೇಡಿ’ ಎಂದು ಈ ಮಹನೀಯರು ಅಡ್ಡ ಬಂದದ್ದನ್ನು ನಾನು ಇದುವರೆಗೆ ಕಂಡಿಲ್ಲ. ಹೊಗಳಿಕೆಗೆ ಯಾವ ಹೊತ್ತಾದರೂ ಸರಿ. ದೂರಿಗೆ ಮಾತ್ರ ಮುಹೂರ್ತ ನೋಡಬೇಕು.

ನನ್ನ ವಾದಕ್ಕೆ ಒಂದೇ ಸರಣಿ ಸಾಕು. ‘ದಿ ಡ್ರ್ಯಾಗನ್ ಪ್ರಿನ್ಸ್’ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದದ್ದು 2018ರ ಸೆಪ್ಟೆಂಬರ್ 14ರಂದು. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಸರಣಿಯ ಮುಖ್ಯ ಬರಹಗಾರರಾಗಿದ್ದ ಆರನ್ ಎಹಾಸ್ ಅವರು ಜಸ್ಟಿನ್ ರಿಚ್‌ಮಂಡ್ ಜೊತೆ ಸೇರಿ ರೂಪಿಸಿದ ಆನಿಮೇಷನ್ ಸರಣಿ ಎಂದ ಮೇಲೆ ಬಾಗಿಲಲ್ಲಿ ಕಾದು ನಿಂತಿದ್ದವರು ಯಾರೆಂದು ಬೇರೆ ಹೇಳಬೇಕಿಲ್ಲ. ಕಥೆಯಲ್ಲಿ ಹುರುಳಿತ್ತು. ಕೊಲ್ಲಲೆಂದು ಬಂದ, ಎಲ್ಫ್ ಎಂಬ ಮಾಂತ್ರಿಕ ಕುಲದ ಹುಡುಗಿ ರೇಲಾ, ಅವಳ ಕೈಯಲ್ಲಿ ಸಾಯಬೇಕಾಗಿದ್ದ ರಾಜಕುಮಾರ ಎಜ್ರನ್, ತಂದೆ ಬೇರೆಯಾದರೂ ಒಂದೇ ತಾಯಿಯ ಮಗನಾದ ಅವನ ಅಣ್ಣ ಕ್ಯಾಲಮ್, ಈ ಮೂವರೂ ಕದ್ದ ಡ್ರ್ಯಾಗನ್ ಮೊಟ್ಟೆಯೊಂದನ್ನು ಅದರ ತಾಯಿಗೆ ಮುಟ್ಟಿಸಲು ಹೊರಡುತ್ತಾರೆ. ಮಾತು ಚುರುಕಾಗಿತ್ತು, ಹಿನ್ನೆಲೆಯ ಚಿತ್ರಗಳು ಕಣ್ಣಿಗೆ ಹಬ್ಬವಾಗಿದ್ದವು. ಆದರೆ ಪಾತ್ರಗಳು ಮುಗ್ಗರಿಸುತ್ತಿದ್ದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈಯಲ್ಲಿ ಬಿಡಿಸಿದ ಆನಿಮೇಷನ್‌ನಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳಿದ್ದರೂ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುವುದು ಹಳೆಯ ರೂಢಿ. ಅಂದರೆ 12 ಚಿತ್ರಗಳಲ್ಲಿ ಕೆಲಸ ಸಾಗುತ್ತದೆ, ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಯಾವ ಭಂಗಿ ನಿಲ್ಲಬೇಕು, ಯಾವುದು ಹಾದುಹೋಗಬೇಕು ಎಂಬುದನ್ನು ಕಲಾವಿದ ಮೊದಲೇ ಆರಿಸಿರುತ್ತಾನೆ. ಡ್ರ್ಯಾಗನ್ ಪ್ರಿನ್ಸ್ ಹಾಗಲ್ಲ, ಅದು ಕಂಪ್ಯೂಟರಿನಲ್ಲಿ ಮೂರು ಆಯಾಮಗಳಲ್ಲಿ ಕಟ್ಟಿದ ಚಿತ್ರ. ಅದಕ್ಕೆ ಕೈಕೆಲಸದ ಸೊಗಸು ಬರಲೆಂದು ಫ್ರೇಮ್‌ಗಳನ್ನು ಬೇಕೆಂದೇ ಕಡಿಮೆ ಮಾಡಿದ್ದರು. ಕತ್ತಿ ಬೀಸುವಾಗ ಅದು ಹೇಗೋ ಒಪ್ಪುತ್ತಿತ್ತು. ಸುಮ್ಮನೆ ಮಾತನಾಡುತ್ತಾ ಪಾತ್ರವೊಂದು ನಿಧಾನವಾಗಿ ತಲೆ ತಿರುಗಿಸಿತೋ, ಮುಖ ಮೆಟ್ಟಿಲಿಳಿದಂತೆ ತುಂಡು ತುಂಡಾಗಿ ತಿರುಗುತ್ತಿತ್ತು. ಇಂಟರ್ನೆಟ್ ಕೈಕೊಟ್ಟಿತೆಂದು ತಿಳಿದು ವೈಫೈ ಪೆಟ್ಟಿಗೆಯನ್ನು ಆರಿಸಿ ಹಚ್ಚಿದವರಲ್ಲಿ ನಾನೂ ಒಬ್ಬ.

ಅಭಿಮಾನಿಗಳು ಏನು ಮಾಡಿದರು? ಕೂಗಿದರು. ಮೊದಲ ದಿನಗಳಲ್ಲೇ ಕೂಗಿದರು. ಕಥೆ ಇಷ್ಟವಾಯಿತು, ಆದರೆ ಈ ಕುಂಟುನಡೆ ಸಹಿಸಲಾಗದು ಎಂದರು. ಕೂಗು ತಲುಪಬೇಕಾದಲ್ಲಿಗೆ ತಲುಪಿತು. ನಿರ್ಮಾಪಕರು ದೂರನ್ನು ಬಹಿರಂಗವಾಗಿಯೇ ಒಪ್ಪಿಕೊಂಡು, ಸರಿಪಡಿಸುವ ಮಾತು ಕೊಟ್ಟರು. 2019ರ ಫೆಬ್ರವರಿ 15ರಂದು ಎರಡನೆಯ ಸೀಸನ್ ಬಂದಾಗ ಫ್ರೇಮ್‌ಗಳು ಹೆಚ್ಚಿದ್ದವು, ಅದೇ ಕ್ಯಾಲಮ್ ಮನುಷ್ಯರಂತೆ ತಲೆ ತಿರುಗಿಸಿದ. ನಡುವೆ ಇದ್ದದ್ದು ಐದು ತಿಂಗಳು. ಅಭಿಮಾನಿಗಳೆಲ್ಲ ಧ್ಯಾನಸ್ಥರಾಗಿ, ‘ಸಮಗ್ರ ಕೃತಿಯನ್ನು ಅವಲೋಕಿಸಿದ ಬಳಿಕ ಅಭಿಪ್ರಾಯ ತಿಳಿಸೋಣ’ ಎಂದು ಕಾದಿದ್ದರೆ ಆ ಐದು ತಿಂಗಳು ಕಾಯುತ್ತಿತ್ತೇ? ಇನ್ನೊಮ್ಮೆ ಹೇಳುತ್ತೇನೆ, ಈ ಚರ್ಚೆಯಲ್ಲಿ ಮಿಕ್ಕದ್ದೆಲ್ಲ ಮರೆತರೂ ಇದೊಂದು ನೆನಪಿರಲಿ: ಕೂಗಿದ್ದರಿಂದ ಚಿತ್ರ ಸರಿಯಾಯಿತು.

ದೂರಿನ ಮಾತು ಇರಲಿ, ಮೊದಲ ರಾತ್ರಿಯ ಪ್ರತಿಕ್ರಿಯೆ ಎಂದರೆ ಬರೀ ದೂರೂ ಅಲ್ಲ. ಮೊದಲ ಸೀಸನ್ನಿನಲ್ಲಿ ದಂಡನಾಯಕಿ ಅಮಾಯಾ ತನ್ನ ಅಕ್ಕ, ತೀರಿಹೋದ ರಾಣಿ ಸರಾಯ್‌ಳ ಪ್ರತಿಮೆಯ ಮುಂದೆ ನಿಲ್ಲುತ್ತಾಳೆ. ಅಮಾಯಾಗೆ ಕಿವಿ ಕೇಳಿಸುವುದಿಲ್ಲ, ಅವಳು ಮಾತನಾಡುವುದು ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ. ಉಳಿದ ಕಡೆ ಅವಳ ಮಾತನ್ನು ಜೊತೆಯಲ್ಲಿರುವ ಸೈನಿಕ ಹೇಳುತ್ತಾನೆ. ಇಲ್ಲಿ ಅವನೂ ಇಲ್ಲ, ಕೆಳಗೆ ಅಕ್ಷರವೂ ಬರುವುದಿಲ್ಲ. ಅಕ್ಕ ತಂಗಿಯರ ನಡುವಿನ ಮಾತು ಅವರ ನಡುವೆಯೇ ಉಳಿಯಿತೆಂದು ನಮ್ಮಂಥವರು ಸುಮ್ಮನೆ ಬೆರಳುಗಳನ್ನು ನೋಡುತ್ತಾ ಕುಳಿತೆವು. ಸಂಜ್ಞಾ ಭಾಷೆ ಬಲ್ಲ ಅಭಿಮಾನಿಗಳು ಆ ದೃಶ್ಯವನ್ನು ಬಿಡಿಸಿ ಉಳಿದವರಿಗೆ ತಿಳಿಸಿದರು. ಮತ್ತೆ ಹಿಂದಕ್ಕೆ ಹೋಗಿ ನೋಡಿದಾಗ ಅದು ಬೇರೆಯದೇ ದೃಶ್ಯವಾಗಿತ್ತು. ಬಿಸಿ ಆರುವ ಮುನ್ನ ಎಲ್ಲರೂ ಒಟ್ಟಿಗೆ ಮಾತನಾಡುವುದರಿಂದ ಸಿಗುವ ಲಾಭ ಇದು. ಆರು ತಿಂಗಳ ನಂತರ ಒಬ್ಬೊಬ್ಬರೇ ಗಂಭೀರವಾಗಿ ಬರೆಯುವ ವಿಮರ್ಶೆಯಲ್ಲಿ ಇದು ಸಿಗುವುದಿಲ್ಲ.

ಈಗ ನಾಲ್ಕನೆಯ ಸೀಸನ್. ಈ ಚರ್ಚೆ ಹುಟ್ಟಿದ್ದೇ ಅದರಿಂದ ಎಂದರೂ ತಪ್ಪಿಲ್ಲ. ಮೂರನೆಯದು ಮುಗಿದದ್ದು 2019ರ ನವೆಂಬರ್‌ನಲ್ಲಿ, ನಾಲ್ಕನೆಯದು ಬಂದದ್ದು 2022ರ ನವೆಂಬರ್ 3ರಂದು. ಮೂರು ವರ್ಷ ಕಾದವರಿಗೆ ತೆರೆದುಕೊಂಡ ಲೋಕದಲ್ಲಿ ಎರಡು ವರ್ಷ ಕಳೆದಿತ್ತು. ಎಜ್ರನ್ ಸಿಂಹಾಸನದ ಮೇಲೆ ಬೆಳೆದಿದ್ದ, ಕ್ಯಾಲಮ್ ಆಸ್ಥಾನದ ಮಾಂತ್ರಿಕನಾಗಿದ್ದ. ಅವನ ಕೈ ಹಿಡಿದಿದ್ದ ರೇಲಾ ಅವನನ್ನು ಬಿಟ್ಟು ಹೋಗಿ ಎರಡು ವರ್ಷವಾಗಿತ್ತು! ಏಕೆ ಹೋದಳು, ಹೇಗೆ ಹೋದಳು? ಅದನ್ನು 2020ರಲ್ಲಿ ಬಂದ ಒಂದು ಚಿತ್ರಕಾದಂಬರಿಯಲ್ಲಿ ಹೇಳಿ ಮುಗಿಸಿದ್ದರು. ಪುಸ್ತಕ ಓದಿದವರಿಗೆ ಗೊತ್ತು, ಓದದವರು ಊಹಿಸಿಕೊಳ್ಳಬೇಕು. ಇಪ್ಪತ್ತೇಳು ಕಂತುಗಳ ಕಾಲ ಹೆಜ್ಜೆ ಹೆಜ್ಜೆಯಾಗಿ ತೆರೆಯ ಮೇಲೆ ಕೂಡಿಸಿದ ಜೋಡಿಯನ್ನು ತೆರೆಯ ಹೊರಗೆ ಬೇರ್ಪಡಿಸಿದರು.

ಇಲ್ಲಿ ನನ್ನ ಎದುರಾಳಿಗೆ ಒಂದು ಪ್ರಶ್ನೆ. ಆ ದೂರಿಗೆ ಉಳಿದ ಎಂಟು ಕಂತು ನೋಡಿ ಏನು ಮಾಡಬೇಕು? ತಪ್ಪಿಹೋದ ಘಟನೆ ನಡೆದದ್ದು ಮೊದಲ ಕಂತಿಗಿಂತ ಹಿಂದೆ. ಮುಂದಿನ ಯಾವ ಕಂತೂ ಅದನ್ನು ತಂದುಕೊಡಲಾರದು. ಆರಂಭದ ಕಂತಿಗೆ ತನ್ನದೇ ಆದ ಒಂದು ಕರ್ತವ್ಯವಿದೆ, ಬಿಟ್ಟು ಹೋದವರನ್ನು ಕೈಹಿಡಿದು ಒಳಗೆ ಕರೆದುಕೊಳ್ಳುವುದು. ಅದನ್ನು ಮಾಡಿತೋ ಇಲ್ಲವೋ ಎಂದು ಹೇಳಲು ಆ ಕಂತು ಮುಗಿದ ಕ್ಷಣಕ್ಕಿಂತ ಒಳ್ಳೆಯ ಸಮಯ ಯಾವುದು?

ಒಂಬತ್ತೂ ಕಂತುಗಳು ಒಂದೇ ದಿನ ಬಿಡುಗಡೆಯಾಗುತ್ತವಲ್ಲ, ಇನ್ನೊಂದು ನೋಡಿದರೆ ಗಂಟೇನು ಹೋಗುತ್ತದೆ ಎನ್ನುವವರಿದ್ದಾರೆ. ಅವರಿಗೆ ಬಿಡುವು ಬಹಳ ಇರಬೇಕು. ಇನ್ನು, ಕಲಾವಿದರಿಗೆ ಹೊಲಸು ಮಾತಿನ ಸಂದೇಶ ಕಳಿಸುವವರ ವಿಷಯ: ಅವರು ಅಭಿಮಾನಿಗಳೇ ಅಲ್ಲ, ಆದ್ದರಿಂದ ಇಲ್ಲಿ ಅವರ ಮಾತು ಬೇಡ. ನಾನು ಹೇಳುತ್ತಿರುವುದು ಮೂರು ವರ್ಷ ಕಾದು, ಬೆಳಗಿನ ಕೆಲಸ ಲೆಕ್ಕಿಸದೆ ನಿದ್ದೆಗೆಟ್ಟು ನೋಡಿ, ಕಣ್ಣುರಿ ಆರುವ ಮುನ್ನ ನಾಲ್ಕು ಸಾಲು ಬರೆದವರ ಬಗ್ಗೆ. ತಾಳ್ಮೆಯ ಪಾಠವನ್ನು ಅವರಿಗೆ ಹೇಳಲು ಹೊರಟವರು ಮೊದಲು ಆ ಮೂರು ವರ್ಷವನ್ನು ಲೆಕ್ಕಕ್ಕೆ ಹಿಡಿಯಲಿ. ಮತ್ತೆ, ಫ್ರೇಮ್‌ಗಳ ಕಥೆಯನ್ನು ಅವರಿಗೂ ನೆನಪಿಸಿ.

ವಿರೋಧ: ಸ್ವಲ್ಪ ತಡೆದರೆ ನಷ್ಟವೇನಿಲ್ಲ

ವಿರೋಧದ ಪಕ್ಷ ವಹಿಸಿ ಬರೆಯಬೇಕೆಂದು ನನಗೆ ಸೂಚನೆ ಬಂದಿದೆ. ಪರವಾಗಿ ಬರೆಯುವವರ ಆವೇಶದ ಪರಿಚಯ ನನಗಿದೆ, ಅದಕ್ಕೆ ಸರಿಸಾಟಿಯಾಗಿ ಬರೆಯುವ ಶಕ್ತಿ ನನಗಿಲ್ಲ. ಆದರೂ ಕೊಟ್ಟ ಕೆಲಸ ಮಾಡುತ್ತೇನೆ.

ಮೊದಲಿಗೆ ಲೆಕ್ಕ. 2020ರ ಜುಲೈನಲ್ಲಿಯೇ ನಾಲ್ಕರಿಂದ ಏಳರವರೆಗಿನ ಸೀಸನ್‌ಗಳಿಗೆ ಒಟ್ಟಿಗೆ ಒಪ್ಪಿಗೆ ಸಿಕ್ಕಿದ ಸುದ್ದಿ ಪ್ರಕಟವಾಗಿತ್ತು. ಸೀಸನ್ನಿಗೆ ಒಂಬತ್ತರಂತೆ 36 ಕಂತುಗಳು. 2024ರ ಡಿಸೆಂಬರ್ 19ರಂದು ಏಳನೆಯ ಸೀಸನ್ ಬರುವ ಹೊತ್ತಿಗೆ ಒಟ್ಟು 63. ಹಾಗಾಗಿ 2022ರ ಆ ರಾತ್ರಿ ಅಭಿಮಾನಿಗಳು ನೋಡಿದ್ದು ಒಂದು ದೀರ್ಘ ಕಥೆಯ 36ರಲ್ಲಿ ಒಂದು ಪಾಲು. ಸತ್ತನೆಂದುಕೊಂಡಿದ್ದ ಮಾಂತ್ರಿಕ ವೀರೆನ್‌ನನ್ನು ಅವನ ಮಗಳು ಕ್ಲಾಡಿಯಾ ಮತ್ತೆ ಎಬ್ಬಿಸುತ್ತಾಳೆ, ಅವನಿಗೆ ಉಳಿದಿರುವುದು 30 ದಿನ. ‘ಖಳನಾಯಕನನ್ನು ಸಾಯಲೂ ಬಿಡುವುದಿಲ್ಲವಲ್ಲ’ ಎಂದು ಬಹಳ ಮಂದಿ ಗೊಣಗಿದರು. ಅವನನ್ನು ಏಕೆ ಎಬ್ಬಿಸಿದರು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಆರನೆಯ ಸೀಸನ್ನಿನಲ್ಲಿ. ನೋಡದವರು ಮುಂದಿನ ವಾಕ್ಯವನ್ನು ಬಿಟ್ಟು ಓದಿ. ಡ್ರ್ಯಾಗನ್ ಉಗುಳುವ ಬೆಂಕಿಯಿಂದ ಎಜ್ರನ್‌ನ ರಾಜ್ಯ ಕಟೋಲಿಸ್‌ನ ಜನರನ್ನು ಉಳಿಸಲು ಅವನು ತನ್ನ ಹೃದಯವನ್ನೇ ಮಂತ್ರಕ್ಕೆ ಕೊಡುತ್ತಾನೆ. ಅದು ಬಹುಶಃ ನನ್ನ ಪಕ್ಷದ ಅತ್ಯಂತ ಬಲವಾದ ವಾದ, ಆದರೆ ನನ್ನ ಮನಸ್ಸು ಈ ವಿಷಯ ಬಂದಾಗಲೆಲ್ಲ ಬೇರೆ ಕಡೆ ಓಡುತ್ತದೆ.

ನನ್ನ ಅಕ್ಕನ ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ರೇಲಾಳ ಚಿತ್ರವನ್ನು ನೋಟ್‌ಬುಕ್‌ಗಳ ಹಿಂದಿನ ಹಾಳೆಗಳಲ್ಲೆಲ್ಲ ಬಿಡಿಸುತ್ತಿದ್ದಳು. ಕೊಂಬುಗಳ ಬಾಗು ಮಾತ್ರ ಅವಳಿಗೆ ಎಂದೂ ಒಲಿಯಲಿಲ್ಲ, ಎಡಗಡೆಯದು ಯಾವಾಗಲೂ ಗಿಡ್ಡವಾಗುತ್ತಿತ್ತು. ನಾಲ್ಕನೆಯ ಸೀಸನ್ನಿನ ಮೊದಲ ಕಂತು ಮುಗಿಯುತ್ತಲೇ ಲ್ಯಾಪ್‌ಟಾಪ್ ಮುಚ್ಚಿ, ಈ ಸರಣಿಗೂ ತನಗೂ ಋಣ ಹರಿಯಿತು ಎಂದು ಘೋಷಿಸಿದಳು. ಕಾರಣ ಪಟ್ಟಿ ಮಾಡಿದಳು: ರೇಲಾ ಹೋದದ್ದನ್ನು ತೋರಿಸಲಿಲ್ಲ, ವೀರೆನ್‌ನ ಮಗ ಸೋರೆನ್‌ನನ್ನು ಕೋಡಂಗಿ ಮಾಡಿದ್ದಾರೆ, ಹಾಸ್ಯ ಚಿಕ್ಕಮಕ್ಕಳಿಗೆ ಬರೆದಂತಿದೆ. ಮೂರೂ ನಿಜವೆಂದು ನನಗೂ ಅನಿಸಿತು. ಅವಳೆದುರು ಹಾಗೆನ್ನಲಿಲ್ಲ.

ಜೊತೆಗೆ ಕುಳಿತು ನೋಡುತ್ತಿದ್ದ ನಾನು ಉಳಿದದ್ದನ್ನು ಒಬ್ಬನೇ ನೋಡತೊಡಗಿದೆ. ಆಮೇಲೆ ಶುರುವಾಯಿತು ವಿಚಾರಣೆ. ತಾನು ನೋಡುವುದಿಲ್ಲ, ಆದರೆ ಏನಾಯಿತೆಂದು ಹೇಳಬೇಕು. ಕ್ಯಾಲಮ್ ರೇಲಾಳೊಂದಿಗೆ ಮಾತನಾಡಿದನೇ? ಸಿಟ್ಟಿನಿಂದಲೋ, ಸುಮ್ಮನೆಯೋ? ಆಗ ಅವಳ ಮುಖ ಹೇಗಿತ್ತು? ‘ಬೇಸರದಲ್ಲಿದ್ದಳು’ ಎಂದರೆ ಸಾಲದು, ಹುಬ್ಬು ಎಲ್ಲಿತ್ತು, ಕಣ್ಣು ಎಲ್ಲಿತ್ತು ಎಂದು ಹೇಳಬೇಕು. ನನಗೆ ಕಥೆ ಹೇಳಲು ಬರುವುದಿಲ್ಲ. ಎಲ್ಫ್‌ಗಳ ಹೆಸರುಗಳು ಕಲಸಿಹೋಗುತ್ತವೆ. ಡ್ರ್ಯಾಗನ್ ರಾಣಿಯ ಭೇಟಿಯನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದಕ್ಕೆ, ‘ಮಾಮ, ನೀವು ಹೇಳುವುದನ್ನು ಕೇಳಿದರೆ ಇದನ್ನು ನೋಡದೆ ಇದ್ದದ್ದೇ ಒಳ್ಳೆಯದಾಯಿತು ಎನಿಸುತ್ತದೆ’ ಎಂದಳು. ಹೀಗೆ ಒಂಬತ್ತೂ ಕಂತುಗಳನ್ನು ಅವಳು ನನ್ನ ಬಾಯಿಂದ ಪಡೆದು, ಕೊನೆಗೆ ಇಡೀ ಸೀಸನ್ ಮೊದಲ ಕಂತಿನಷ್ಟೇ ಕೆಟ್ಟದಾಗಿದೆ ಎಂದು ಗೆಳತಿಯರ ಮುಂದೆ ಅಧಿಕಾರಯುತವಾಗಿ ತೀರ್ಪು ಕೊಟ್ಟಳು. ಅದರಲ್ಲಿ ಎಷ್ಟು ಪಾಲು ಬರೆದವರದು, ಎಷ್ಟು ನನ್ನದು ಎಂದು ವಿಂಗಡಿಸಲು ಇಂದಿಗೂ ಸಾಧ್ಯವಾಗಿಲ್ಲ.

ಮೊದಲ ರಾತ್ರಿಯ ತೀರ್ಪಿನ ತೊಡಕು ಇದೇ ಎಂದು ಹೇಳಬಹುದು. ದುಡುಕಿ ಹೇಳುವುದಕ್ಕೆ ನನ್ನ ಆಕ್ಷೇಪ ಅಷ್ಟಾಗಿ ಇಲ್ಲ. ಹೇಳಿದ ಮೇಲೆ ಅದನ್ನು ಕಾಯ್ದುಕೊಳ್ಳಬೇಕಾಗುತ್ತದೆ. ಹತ್ತು ಜನರೆದುರು ಋಣ ಹರಿಯಿತು ಎಂದವರು ಎರಡನೆಯ ಕಂತನ್ನು ಕದ್ದು ನೋಡಬೇಕು, ಇಲ್ಲವೇ ಮಾಮನ ಕೈಯಲ್ಲಿ ಹೇಳಿಸಿಕೊಳ್ಳಬೇಕು. ಫ್ರೇಮ್‌ಗಳ ಬಗ್ಗೆ ಎದುರು ಪಕ್ಷದವರು ಹೇಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಯಂತ್ರದ ವಿಷಯ, ಒಂದು ನಿಮಿಷ ನೋಡಿದರೂ ತಿಳಿಯುತ್ತದೆ. ಕಥೆಯ ವಿಷಯ ಹಾಗಲ್ಲ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

2024ರ ಜುಲೈನಲ್ಲಿ ಆರನೆಯ ಸೀಸನ್ ಬಂದಾಗ ಅವಳೇ ಕರೆ ಮಾಡಿದಳು. ನಡುವಿನದನ್ನೆಲ್ಲ ಯಾವಾಗ ನೋಡಿದಳೋ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮೊದಲ ಕಂತು ಇನ್ನೂ ಅರ್ಧ ಮುಗಿದಿರಲಿಲ್ಲ, ‘ಇದು ಎಲ್ಲಕ್ಕಿಂತ ಒಳ್ಳೆಯ ಸೀಸನ್’ ಎಂದು ತೀರ್ಪು ಬಂದೇಬಿಟ್ಟಿತು. ವಹಿಸಿಕೊಂಡ ಪಕ್ಷದ ಪ್ರಕಾರ ಅದನ್ನೂ ನಾನು ಆಕ್ಷೇಪಿಸಬೇಕು. ಆಕ್ಷೇಪಿಸಿದ್ದೇನೆ.