'ಹ' ನುಂಗಿದರೆ ನಗುವುದೇಕೆ?

ನಾವಿರುವ ಅಮೆರಿಕದ ಒರ್ಲ್ಯಾಂಡೋದಲ್ಲಿ ಪೋರ್ಟೊರಿಕೋದವರು ಜಾಸ್ತಿ. 2017ರಲ್ಲಿ ಮರಿಯಾ ಚಂಡಮಾರುತ ಅವರ ದ್ವೀಪವನ್ನು ಹಾಳುಗೆಡವಿದ ಮೇಲೆ ಇನ್ನಷ್ಟು ಕುಟುಂಬಗಳು ಬಂದವು. ಕಟಿಂಗ್ ಶಾಪಿಗೆ ಹೋಗಿ, ಬೇಕರಿಗೆ ಹೋಗಿ, ಸ್ಪ್ಯಾನಿಷ್ ಹಾಡು ಇದ್ದೇ ಇರುತ್ತದೆ. ಅದರಲ್ಲೂ ಪೋರ್ಟೊರಿಕೋದ ಗಾಯಕ ಬ್ಯಾಡ್ ಬನ್ನಿಯದು.

ತರಗತಿಯಲ್ಲಿ ಸ್ಪ್ಯಾನಿಷ್ ಕಲಿತವರಿಗೆ ಅವನ ಮಾತು ಒಂದೇಟಿಗೆ ಹಿಡಿಯುವುದಿಲ್ಲ. ಪದದ ಕೊನೆಯ 'ಸ' ಮಾಯ. ಪುಸ್ತಕದ 'ಲೋಸ್ ದೋಸ್' ಅವನ ಬಾಯಲ್ಲಿ 'ಲೊ ದೊ'. ದಣಿದವನು 'ಕನ್ಸಾದೊ' ಅಲ್ಲ, 'ಕನ್ಸಾವ್'. ಎಷ್ಟೋ ಕಡೆ 'ರ' ಹೋಗಿ 'ಲ' ಬರುತ್ತದೆ. ತಮ್ಮ ಊರನ್ನೇ 'ಪುವೆಲ್ತೊ ರಿಕೊ' ಅಂತಾರೆ. ಇದು ಹಾಡಿಗಾಗಿ ಮಾಡಿಕೊಂಡ ಶೋಕಿಯಲ್ಲ, ಅಲ್ಲಿನ ಜನರ ದಿನದ ಮಾತು.

1999ರಲ್ಲಿ ಅದೇ ದ್ವೀಪದ ರಿಕಿ ಮಾರ್ಟಿನ್ ಅಮೆರಿಕವನ್ನು ಗೆದ್ದಿದ್ದು ಇಂಗ್ಲಿಷ್ ಹಾಡಿನಿಂದ. 2001ರಲ್ಲಿ ಕೊಲಂಬಿಯಾದ ಶಕೀರಾ ಹಿಡಿದದ್ದೂ ಅದೇ ದಾರಿ. ಬ್ಯಾಡ್ ಬನ್ನಿ ಆ ದಾರಿಗೆ ಹೋಗಲಿಲ್ಲ. ಅವನ 2022ರ 'ಉನ್ ವೆರಾನೊ ಸಿನ್ ತಿ', ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಮೊದಲ ಸ್ಪ್ಯಾನಿಷ್ ಆಲ್ಬಮ್. ನನ್ನ ಜೊತೆ ಕೆಲಸ ಮಾಡುವ ಮೆಕ್ಸಿಕೋದವರು ಮಾತಾಡುವಾಗ 'ಸ'ವನ್ನು ಸ್ಪಷ್ಟವಾಗಿ ನುಡಿಯುತ್ತಾರೆ. ಆದರೆ ಅವನ ಹಾಡು ಬಂದರೆ ಅವರೂ 'ಸ' ನುಂಗಿಯೇ ಹಾಡುತ್ತಾರೆ!

ನಾನು ಮಂಡ್ಯ ಕಡೆಯವನು. ನಮ್ಮಲ್ಲಿ ಮಾಯವಾಗುವುದು 'ಹ'. ಹಾಲು 'ಆಲು', ಹೂವು 'ಊವು'. ಸ್ಪ್ಯಾನಿಷ್‌ನಲ್ಲೂ ಹೀಗೇ ಆಗಿದೆ. ಲ್ಯಾಟಿನ್ನಿನ 'ಫರೀನಾ', ಅಂದರೆ ಹಿಟ್ಟು, ಮೊದಲು 'ಹರೀನಾ' ಆಯಿತು, ಆಮೇಲೆ 'ಅರೀನಾ'. ನಮ್ಮ ಹಳಗನ್ನಡದ 'ಪಾಲ್' ಹಾಲಾಗಿ, ಮಂಡ್ಯದಲ್ಲಿ ಆಲಾಗಿದೆ. ಹೆಚ್ಚುಕಡಿಮೆ ಒಂದೇ ನಡೆ. ಸ್ಪ್ಯಾನಿಷ್‌ನವರು ಇಂದಿಗೂ 'ಹ' ಬರೆಯುತ್ತಾರೆ, ನುಡಿಯುವುದಿಲ್ಲ. ಅದಕ್ಕೆ ಯಾರೂ ಅವರನ್ನು ಅನಕ್ಷರಸ್ಥರು ಅನ್ನುವುದಿಲ್ಲ.

ನಮ್ಮಲ್ಲಿ? ಟಿವಿ ನಿರೂಪಕರು ಒಂದು 'ಹ' ಬಿಟ್ಟರೆ ಸಾಕು, ಅದನ್ನು ಕತ್ತರಿಸಿ ವಾಟ್ಸಾಪ್‌ನಲ್ಲಿ ಹಂಚುತ್ತಾರೆ. ಆ ಭಯಕ್ಕೇ ಎಷ್ಟೋ ಜನ ಬೇಡದ ಕಡೆ 'ಹ' ತುರುಕುತ್ತಾರೆ, 'ಅಭಿಮಾನ'ವನ್ನು 'ಹಭಿಮಾನ' ಮಾಡುತ್ತಾರೆ. ಆಗ ಇನ್ನೊಂದು ಸುತ್ತು ನಗು.

ಇಲ್ಲಿನ ಒಂದು ರಾಜ್ಯೋತ್ಸವದಲ್ಲಿ ನನ್ನ ಮಗಳು ಮೈಕ್ ಹಿಡಿದು, "ನಮ್ಮಜ್ಜಿ ಏಳ್ಕೊಟ್ಟ ಆಡು" ಅಂದಳು. ಮುಂದಿನ ಸಾಲಿನ ದೊಡ್ಡವರೇ ನಕ್ಕರು. ಹಾಡು ಮುಗಿಸಿದಳು, ಆದರೆ ಆಮೇಲೆ ಕೆಲವು ದಿನ ಅಜ್ಜಿಯ ಜೊತೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಿದಳು. ನನಗೆ ಬಹಳ ಹೊಟ್ಟೆ ಉರಿಯಿತು. ಇದೇ ಹುಡುಗಿ ಶಾಲೆಯ ಗೆಳತಿಯರ ಜೊತೆ 'ಸ' ನುಂಗಿ ಸ್ಪ್ಯಾನಿಷ್ ಹಾಡುತ್ತಾಳೆ. ಅಲ್ಲಿ ಯಾರೂ ನಗುವುದಿಲ್ಲ.

ಬರವಣಿಗೆಯಲ್ಲಿ, ಪರೀಕ್ಷೆಯಲ್ಲಿ 'ಹ' ಇರಲಿ. ನನ್ನ ತಕರಾರು ಹಾಡಿನ ಬಗ್ಗೆ. ಮಾದಪ್ಪನ ಕಥೆ ಹಾಡುವ ದೇವರಗುಡ್ಡರು, ಮಂಟೇಸ್ವಾಮಿಯನ್ನು ಹಾಡುವ ನೀಲಗಾರರು ಈ ಮಾತಿನಲ್ಲೇ ರಾತ್ರಿಯಿಡೀ ಜನರನ್ನು ಕೂರಿಸುತ್ತಾರೆ. ಭಕ್ತಿ, ಸಿಟ್ಟು, ಅಳು, ಎಲ್ಲಕ್ಕೂ ಅದು ಸಾಲುತ್ತದೆ. ಸಿನಿಮಾದಲ್ಲಿ ಮಾತ್ರ ಅದು ಹೆಚ್ಚಾಗಿ ನಗಿಸಲು ಇಲ್ಲವೇ ಗದರಿಸಲು. ಪ್ರೇಮಗೀತೆ ಬಂದ ತಕ್ಷಣ ನಾಯಕ ಪುಸ್ತಕದ ಕನ್ನಡಕ್ಕೆ ಹೊರಳುತ್ತಾನೆ. ಮಳವಳ್ಳಿಯ ಹುಡುಗ ತನ್ನ ಹುಡುಗಿಗೆ "ಊವ ತಂದಿವ್ನಿ" ಅಂತಲೇ ಹಾಡಲಿ. ಅದನ್ನು ಬರೆಯುವವರು ಬರೆಯಲಿ, ಹಾಡುವವರು 'ಹ' ಸೇರಿಸದೆ ಹಾಡಲಿ. ಧಾರವಾಡದವರೂ ಬೀದರಿನವರೂ ಅದನ್ನು ಹಾಗೇ ಗುನುಗುವುದನ್ನು ನಾನು ಕೇಳಬೇಕು.