'ಸ್ಟಾಕ್ ಇಲ್ಲ' ಅನ್ನೋದು ಬರೀ ನಾಟಕವಾ? ಸತ್ಯಾಂಶ ಇಲ್ಲಿದೆ

"ದುಬಾರಿ ಫೋನ್‌ಗಳು ಗೋದಾಮಿನಲ್ಲಿ ರಾಶಿ ಬಿದ್ದಿರುತ್ತವೆ, ಬೇಡಿಕೆ ಹೆಚ್ಚಿಸಲು ಕಂಪನಿಗಳು ಬೇಕಂತಲೇ ಬಚ್ಚಿಡುತ್ತವೆ." ಹೊಸ ಮಾಡೆಲ್ ಬಂದಾಗಲೆಲ್ಲ ಈ ಫಾರ್ವರ್ಡ್ ಓಡಾಡುತ್ತದೆ. ಕೇಳೋಕೆ ನಿಜ ಅನ್ನಿಸುತ್ತದೆ, ಅಲ್ವಾ?

2022ರ ಅಕ್ಟೋಬರ್–ನವೆಂಬರ್ ನೋಡಿ. ಆಪಲ್‌ಗೆ ಐಫೋನ್ ಜೋಡಿಸಿಕೊಡುವ ಫಾಕ್ಸ್‌ಕಾನ್ ಕಂಪನಿಗೆ ಚೀನಾದ ಝೆಂಗ್‌ಝೌನಲ್ಲಿರುವ ಕಾರ್ಖಾನೆಯಲ್ಲಿ ಕೋವಿಡ್ ನಿರ್ಬಂಧ ಬಿತ್ತು. ಐಫೋನ್ 14 ಪ್ರೊ ಮತ್ತು ಪ್ರೊ ಮ್ಯಾಕ್ಸ್ ಜೋಡಣೆಯಾಗುತ್ತಿದ್ದದ್ದು ಮುಖ್ಯವಾಗಿ ಅಲ್ಲೇ. ಎಷ್ಟೋ ಕೆಲಸಗಾರರು ಗಂಟುಮೂಟೆ ಕಟ್ಟಿಕೊಂಡು ನಡೆದೇ ಊರಿಗೆ ಹೊರಟರು. ಬೇಡಿಕೆ ಜೋರಾಗಿದೆ, ಆದರೆ ಫೋನ್ ತಡವಾಗುತ್ತದೆ ಎಂದು ಆಪಲ್ ತಾನೇ ಹೇಳಿತು.

ಅದರ ಹಿಂದಿನ ವರ್ಷವೂ ಅಷ್ಟೆ. 2021ರ ಜುಲೈ–ಸೆಪ್ಟೆಂಬರ್‌ನಲ್ಲಿ ಚಿಪ್ ಕೊರತೆ ಮತ್ತು ಕೋವಿಡ್‌ನಿಂದ ಸುಮಾರು 600 ಕೋಟಿ ಡಾಲರ್ ವಹಿವಾಟು ಕೈತಪ್ಪಿತು ಎಂದು ಅದೇ ಕಂಪನಿ ಲೆಕ್ಕ ಕೊಟ್ಟಿತ್ತು. ಸುಮ್ನೆ ಶೋಕಿಗೆ ಯಾರೂ ಇಷ್ಟು ದುಡ್ಡು ಬಿಡುವುದಿಲ್ಲ.

ಮೂಲ ತೊಡಕು ಸಮಯದ್ದು. ಒಂದು ಚಿಪ್ ನೂರಾರು ಹಂತ ದಾಟಿ ತಯಾರಾಗಲು ಸುಮಾರು 3 ತಿಂಗಳು ಬೇಕು. ಹಾಗಾಗಿ ಯಾವ ಮಾಡೆಲ್ ಎಷ್ಟು ಹೋಗುತ್ತದೆ ಎಂದು ಬಿಡುಗಡೆಗೆ ಎಷ್ಟೋ ಮೊದಲೇ ಅಂದಾಜು ಮಾಡಬೇಕು. ಜನ ಅಂದುಕೊಂಡದ್ದಕ್ಕಿಂತ ಜಾಸ್ತಿ ಪ್ರೊ ಕೇಳಿದರೆ ಅದು ಖಾಲಿ. ಸಾದಾ ಮಾಡೆಲ್ ಅಂಗಡಿಯಲ್ಲೇ ಉಳಿಯುತ್ತದೆ!

ಫಾರ್ವರ್ಡ್ ಪೂರ್ತಿ ಸುಳ್ಳು ಅಂತಲೂ ಅಲ್ಲ. ಕೆಲವು ಬ್ರ್ಯಾಂಡ್‌ಗಳು ಫ್ಲ್ಯಾಶ್ ಸೇಲ್‌ನಲ್ಲಿ (ಸ್ವಲ್ಪ ಹೊತ್ತು ಮಾತ್ರ ನಡೆಯುವ ಆನ್‌ಲೈನ್ ಮಾರಾಟ) ಸ್ವಲ್ಪ ಸ್ವಲ್ಪವೇ ಮಾರಿ, 'ಕ್ಷಣದಲ್ಲಿ ಖಾಲಿ' ಎಂದು ಡಂಗುರ ಸಾರಿದ್ದುಂಟು. ಅಲ್ಲಿ ಅನುಮಾನ ಪಡಬಹುದು.